ಕಾಯುವ ನಾಯಿ

ವಿಡಿಯೊ ನಲವತ್ತೊಂದು ನಿಮಿಷದ್ದು. ಹಳೆಯ ಮೊಬೈಲನ್ನು ಪುಸ್ತಕದ ಕಪಾಟಿನಲ್ಲಿ ಎರಡು ನಿಘಂಟುಗಳ ನಡುವೆ ಸಿಕ್ಕಿಸಿ, ರೆಕಾರ್ಡಿಂಗ್ ಒತ್ತಿ, ಬಾಗಿಲಿಗೆ ಬೀಗ ಹಾಕಿಕೊಂಡು ನಾನು ಕೆಳಗಿನ ಬೇಕರಿಗೆ ಹೋಗಿ ಕೂತಿದ್ದೆ. ಹಿಂದಿನ ದಿನ ಲಿಫ್ಟಿನಲ್ಲಿ ಸಿಕ್ಕ ಎದುರು ಮನೆಯವರು, "ಮೇಡಮ್, ಬೇಜಾರು ಮಾಡ್ಕೋಬೇಡಿ, ನೀವು ಹೋದ ಮೇಲೆ ನಿಮ್ಮ ನಾಯಿ ಅಳುತ್ತೆ. ಬೊಗಳೋದಲ್ಲ, ಅಳೋದು," ಎಂದಿದ್ದರು. ನನಗೆ ನಂಬಿಕೆ ಬಂದಿರಲಿಲ್ಲ. ನಾನಿರುವಾಗ ಚುಕ್ಕಿಯಷ್ಟು ಸಾಧು ಪ್ರಾಣಿ ಆ ಅಪಾರ್ಟ್‌ಮೆಂಟಿನಲ್ಲೇ ಇರಲಿಲ್ಲ.

ಮೊದಲ ನಿಮಿಷದಲ್ಲಿ ಅವಳು ಬಾಗಿಲ ಕೆಳಗಿನ ಸಂದಿಗೆ ಮೂಗು ಒತ್ತಿ ನಿಂತಿದ್ದಾಳೆ. ಲಿಫ್ಟಿನ ಸದ್ದು ಕೇಳಿದಾಗ ಕಿವಿ ನಿಮಿರುತ್ತದೆ, ಸದ್ದು ಇಳಿದು ಹೋದಾಗ ಕಿವಿಯೂ ಇಳಿಯುತ್ತದೆ. ಎರಡನೇ ನಿಮಿಷಕ್ಕೆ ಬಾಲ್ಕನಿಯ ಗಾಜಿನತ್ತ ಓಟ, ವಾಪಸ್ ಬಾಗಿಲಿಗೆ, ಮತ್ತೆ ಗಾಜಿಗೆ. ನಾಲ್ಕನೇ ನಿಮಿಷಕ್ಕೆ ಕತ್ತು ಮೇಲೆತ್ತಿ ಮೊದಲ ಊಳು. ಬಟ್ಟಲಲ್ಲಿ ಬೇಯಿಸಿದ ಕೋಳಿ ಲಿವರ್ ಇಟ್ಟಿದ್ದೆ. ಬೇರೆ ದಿನವಾದರೆ ಅದಕ್ಕಾಗಿ ಕುಕ್ಕರ್ ಕೂಗುವ ಮೊದಲೇ ಅಡುಗೆಮನೆಯಲ್ಲಿ ಹಾಜರಿರುತ್ತಿದ್ದಳು. ಅದನ್ನು ಮೂಸಿಯೂ ನೋಡಲಿಲ್ಲ. ಒಂಬತ್ತನೇ ನಿಮಿಷದಿಂದ ಬಾಗಿಲು ಕೆರೆಯತೊಡಗಿದಳು. ಹದಿನೇಳರ ಹೊತ್ತಿಗೆ ಜೊಲ್ಲು ಸುರಿದು ನೆಲ ಒದ್ದೆಯಾಗಿತ್ತು. ಇಪ್ಪತ್ಮೂರನೇ ನಿಮಿಷದಲ್ಲಿ ಬಾಗಿಲ ಬುಡದಲ್ಲೇ ಉಚ್ಚೆ ಹೊಯ್ದಳು. ನಾಲ್ಕು ತಿಂಗಳ ಮರಿಯಾಗಿದ್ದಾಗಿನಿಂದ ಒಮ್ಮೆಯೂ ಮನೆಯೊಳಗೆ ಹೊಯ್ದವಳಲ್ಲ. ನಲವತ್ತೊಂದನೇ ನಿಮಿಷಕ್ಕೆ ಬಾಗಿಲು ತೆರೆಯುತ್ತದೆ, ನನ್ನ ಚಪ್ಪಲಿ ಕಾಣುತ್ತದೆ, ನನ್ನ ದನಿ ಕೇಳುತ್ತದೆ. ಆ ದನಿ ಬಯ್ಯುತ್ತಿದೆ. ವಿಡಿಯೊ ನೋಡುವ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಉಚ್ಚೆ ಮಾತ್ರ.

ಇದು 2022ರ ಜೂನ್ ತಿಂಗಳ ಮಾತು. ಚುಕ್ಕಿ ನಮ್ಮ ಮನೆಗೆ ಬಂದದ್ದು 2020ರ ಜೂನ್‌ನಲ್ಲಿ, ಮೊದಲ ಲಾಕ್‌ಡೌನ್ ಸಡಿಲಗೊಂಡ ಹೊಸತರಲ್ಲಿ. ರಸ್ತೆಬದಿಯ ಮೋರಿಯ ಕೊಳವೆಯೊಳಗೆ ಸಿಕ್ಕ ಎರಡು ತಿಂಗಳ ಮರಿ. ಅಲ್ಲಿಂದ ಎರಡು ವರ್ಷ ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದುಡಿದೆ, ಅವಳು ನನ್ನ ಪಾದದ ಮೇಲೆ ಗಲ್ಲ ಇಟ್ಟು ಮಲಗಿದಳು. ತರಕಾರಿ, ಔಷಧ, ದಿನಸಿ ಎಲ್ಲ ಬಾಗಿಲಿಗೇ ಬರುತ್ತಿತ್ತು. ಆಮೇಲೆ ಒಂದು ದಿನ ಕಂಪನಿಯಿಂದ ಮೇಲ್ ಬಂತು: ಸೋಮವಾರದಿಂದ ಆಫೀಸಿಗೆ ಬನ್ನಿ. ಡ್ರಾಯರಿನ ತಳದಿಂದ ಐಡಿ ಕಾರ್ಡಿನ ಪಟ್ಟಿ ಹೊರಬಂತು. ಚುಕ್ಕಿಗೆ ಆ ಪಟ್ಟಿ ಹೊಸ ವಸ್ತು. ಮೂರನೇ ದಿನಕ್ಕೆ ಅದನ್ನು ಕಂಡರೆ ನಡುಗುವಂತಾದಳು.

ಬೆಂಗಳೂರಿನಲ್ಲಿ ಆ ವರ್ಷ ಇಂಥ ಮನೆ ನಮ್ಮದೊಂದೇ ಆಗಿರಲಿಲ್ಲ. ನಾಯಿ ಕರೆದುಕೊಂಡು ಬೆಳಗ್ಗೆ ಪಾರ್ಕಿಗೆ ಬರುವವರಲ್ಲಿ ಅದೇ ಮಾತು. ಒಬ್ಬರ ಮನೆಯ ಲ್ಯಾಬ್ರಡಾರ್ ಸೋಫಾ ಹರಿದಿತ್ತು. ಇನ್ನೊಬ್ಬರ ಪಗ್ ತನ್ನ ಮುಂಗಾಲನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿತ್ತು. ಎಲ್ಲರ ಬಾಯಲ್ಲೂ ಎರಡೇ ವಿವರಣೆ: "ಸೇಡು ತೀರಿಸಿಕೊಳ್ತಿದೆ" ಎಂಬುದು ಒಂದು, "ಅಷ್ಟು ಪ್ರೀತಿ ನಮ್ಮ ಮೇಲೆ" ಎಂಬುದು ಇನ್ನೊಂದು. ಈ ಎರಡೂ ತಪ್ಪು ಎಂಬುದು ನನ್ನ ವಾದ. ಎರಡನೆಯದು ಕೇಳಲು ಹಿತವಾಗಿರುವುದರಿಂದ ಅದರಿಂದಾಗುವ ಕೇಡು ಹೆಚ್ಚು.

ಸೇಡಿನ ಮಾತನ್ನು ಬೇಗ ಮುಗಿಸಬಹುದು. ಮನೆಗೆ ಬಂದಾಗ ನಾಯಿ ತಲೆ ತಗ್ಗಿಸಿ, ಕಿವಿ ಹಿಂದಕ್ಕೊತ್ತಿ, ಓರೆಗಣ್ಣಿನಲ್ಲಿ ನೋಡಿದರೆ "ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು" ಎನ್ನುತ್ತೇವೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಹದಿನಾಲ್ಕು ನಾಯಿಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ತಿನ್ನಬೇಡ ಎಂದು ಹೇಳಿ ತಿಂಡಿ ಇಟ್ಟು ಯಜಮಾನರು ಹೊರಗೆ ಹೋಗಬೇಕು. ನಾಯಿ ತಿಂದಿತೋ ಇಲ್ಲವೋ ಎಂಬುದನ್ನು ಒಮ್ಮೊಮ್ಮೆ ಅವರಿಗೆ ತಿರುಚಿ ಹೇಳಲಾಗುತ್ತಿತ್ತು. ತಿನ್ನದೆ ಬೈಸಿಕೊಂಡ ನಾಯಿಯೂ ಅದೇ ಅಪರಾಧಿ ಮುಖ ಹೊತ್ತು ನಿಲ್ಲುತ್ತಿತ್ತು. ಆ ಮುಖಕ್ಕೂ ಮಾಡಿದ ಕೆಲಸಕ್ಕೂ ಸಂಬಂಧವಿರಲಿಲ್ಲ. ಸಂಬಂಧವಿದ್ದದ್ದು ಎದುರಿಗಿದ್ದವರ ಸಿಟ್ಟಿಗೆ. ಅಲ್ಲಿಗೆ, ಉಚ್ಚೆ ಕಂಡು ನಾನು ಬೈದಾಗ ಚುಕ್ಕಿ ಕಲಿತ ಪಾಠ ಇಷ್ಟೇ: ಇವಳು ಹೋಗುವುದೂ ಭಯ, ಬರುವುದೂ ಭಯ.

ಪ್ರೀತಿಯ ವಿಚಾರ ಇಷ್ಟು ಸಲೀಸಲ್ಲ. ಅದರಲ್ಲಿ ಅರ್ಧ ಸತ್ಯವಿದೆ. ಮಕ್ಕಳಿಗೂ ತಾಯಿಗೂ ಇರುವ ಅಂಟನ್ನು ಅಳೆಯಲು ಮೇರಿ ಐನ್ಸ್‌ವರ್ತ್ ಒಂದು ಪರೀಕ್ಷೆ ರೂಪಿಸಿದ್ದರು: ಹೊಸ ಕೋಣೆ, ಒಬ್ಬ ಅಪರಿಚಿತ, ತಾಯಿ ಎದ್ದು ಹೊರಗೆ ಹೋಗುವುದು, ಮತ್ತೆ ಬರುವುದು. 1998ರಲ್ಲಿ ಬುಡಾಪೆಸ್ಟಿನ ಯೋಝೆಫ್ ತೋಪಾಲ್, ಆಡಾಮ್ ಮಿಕ್ಲೋಶಿ ಮತ್ತು ಸಂಗಡಿಗರು ಅದೇ ಪರೀಕ್ಷೆಯನ್ನು 51 ನಾಯಿಗಳ ಮೇಲೆ ಮಾಡಿದರು. ಯಜಮಾನ ಕೋಣೆಯಲ್ಲಿದ್ದಾಗ ನಾಯಿ ಧೈರ್ಯವಾಗಿ ಆಡುತ್ತಿತ್ತು, ಮೂಲೆ ಮೂಲೆ ಮೂಸುತ್ತಿತ್ತು. ಅವನು ಎದ್ದು ಹೋದರೆ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿತ್ತು. ಪುಟ್ಟ ಮಗುವಿನ ನಡವಳಿಕೆಗೂ ಇದಕ್ಕೂ ಎದ್ದು ಕಾಣುವ ಹೋಲಿಕೆ ಇತ್ತು.

ಆದರೆ ಆ ಪರೀಕ್ಷೆಯ ತಿರುಳನ್ನು ನಾವು ಅರ್ಧಕ್ಕೇ ಬಿಡುತ್ತೇವೆ. ತಾಯಿ ಇದ್ದಾಳೆಂಬ ಭರವಸೆಯಲ್ಲಿ ಮಗು ಅವಳ ಮಡಿಲಿಂದಿಳಿದು ದೂರದ ಗೊಂಬೆಯ ತನಕ ಹೋಗುತ್ತದೆ. ಅಂಟು ಗಟ್ಟಿ ಇದೆ ಎಂಬುದಕ್ಕೆ ಅದು ಗುರುತು. ಸೆರಗು ಬಿಡದ ಮಗುವನ್ನು ನೋಡಿ ಯಾವ ಅಜ್ಜಿಯೂ "ಎಷ್ಟು ಪ್ರೀತಿ!" ಎನ್ನುವುದಿಲ್ಲ, "ಯಾಕೋ ಹೆದರಿದೆ, ದೃಷ್ಟಿ ತೆಗೀರಿ" ಎನ್ನುತ್ತಾಳೆ. ನನ್ನ ಜೊತೆ ಬಚ್ಚಲುಮನೆಯ ಬಾಗಿಲ ತನಕ ಬಂದು ಅಲ್ಲೇ ಕೂರುತ್ತಿದ್ದ ಚುಕ್ಕಿಯನ್ನು ನಾನು ಎರಡು ವರ್ಷ ಮುದ್ದಿನಿಂದ ನೋಡಿದೆ, ಫೋಟೊ ತೆಗೆದು ಹಂಚಿಕೊಂಡೆ. ಅದು ಭಯ ಎಂದು ಹೊಳೆಯಲೇ ಇಲ್ಲ.

ಇಲ್ಲಿ ಕನ್ನಡದ ಒಂದು ಕ್ರಿಯಾಪದ ನನ್ನ ನೆರವಿಗೆ ಬರುತ್ತದೆ. ಕಾಯುವುದು. ನಾಯಿ ಮನೆ ಕಾಯುತ್ತದೆ. ನಾಯಿ ನಮಗಾಗಿ ಕಾಯುತ್ತದೆ. ಕಾವಲಿಗೂ ನಿರೀಕ್ಷೆಗೂ ನಮಗೆ ಒಂದೇ ಮಾತು. ನಮ್ಮ ಹಳ್ಳಿಯ ಮನೆಯ ಕೆಂಚ ಮನೆ ಕಾಯುತ್ತಿತ್ತು. ಎಲ್ಲರೂ ಜಾತ್ರೆಗೆ ಹೋದರೂ ಅದಕ್ಕೆ ಜಗಲಿ ಇತ್ತು, ಹಿತ್ತಿಲಿತ್ತು, ಕೊಟ್ಟಿಗೆಯ ದನಗಳ ಉಸಿರಿತ್ತು, ಬೊಗಳಲು ಬೀದಿಯಲ್ಲಿ ಹೋಗುವ ಜನರಿದ್ದರು, ಜಗಳಕ್ಕೆ ಪಕ್ಕದ ಮನೆಯ ನಾಯಿ ಇತ್ತು. ಯಜಮಾನ ಇಲ್ಲದ ಹೊತ್ತೇ ಅದರ ಕೆಲಸದ ಹೊತ್ತು. ಕ್ರಿ.ಶ. 949ರ ಆತಕೂರು ಶಾಸನದಲ್ಲಿ ಕಾಳಿ ಎಂಬ ನಾಯಿಯ ಕತೆ ಇದೆ. ಗಂಗರ ಬೂತುಗನಿಂದ ಅದನ್ನು ಕೇಳಿ ಪಡೆದವನು ಮಣಲೇರ. ಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ಕಾಳಿಯೂ ಒಟ್ಟಿಗೇ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು. ಆ ಕಲ್ಲು ಇವತ್ತಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬಾಗಿಲ ಸಂದಿಗೆ ಮೂಗಿಟ್ಟು ಕೂತ ನಾಯಿಗೆ ಯಾರೂ ಕಲ್ಲು ನೆಡಲಿಲ್ಲ. ನೆಡಲು ಅಂಥ ನಾಯಿ ಆಗ ಇದ್ದಂತೆಯೂ ಇಲ್ಲ.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳಲು ಹೊರಟಿಲ್ಲ. ಕೆಂಚ ಸತ್ತದ್ದು ಚಿರತೆಯ ಬಾಯಲ್ಲಿ, ಅದಕ್ಕಿಂತ ಮುಂಚಿನದು ಲಾರಿಯ ಕೆಳಗೆ. ಇಂಜೆಕ್ಷನ್ ಎಂಬುದನ್ನು ಅವು ಕಂಡೇ ಇರಲಿಲ್ಲ. ಹೇಳಬೇಕಾದ್ದು ಇಷ್ಟು: ಮನೆಯನ್ನು ಕಾಯುವ ನಾಯಿಗೆ ಯಜಮಾನನೇ ಇಡೀ ಲೋಕವಾಗಿರಲಿಲ್ಲ. ಎಂಟನೇ ಮಹಡಿಯ ಎರಡು ಬೆಡ್‌ರೂಮಿನ ಮನೆಯಲ್ಲಿ ಕಾಯಲಿಕ್ಕೆ ಏನೂ ಇಲ್ಲ. ಕೆಳಗೆ ಸೆಕ್ಯೂರಿಟಿಯವರಿದ್ದಾರೆ, ಬಾಗಿಲಿಗೆ ಎರಡು ಬೀಗವಿದೆ. ಅಲ್ಲಿ ನಾಯಿಗೆ ಉಳಿದಿರುವುದು ಎರಡನೇ ಅರ್ಥದ ಕಾಯುವಿಕೆ ಒಂದೇ. ಅದು ಹುಟ್ಟಿನಿಂದ ಬರುವ ವಿದ್ಯೆಯಲ್ಲ, ಕಲಿಸಬೇಕು. ಲಾಕ್‌ಡೌನ್ ಮಾಡಿದ್ದೇನೆಂದರೆ, ಈಗಾಗಲೇ ಚಿಕ್ಕದಾಗಿದ್ದ ಆ ಲೋಕವನ್ನು ಒಂದು ಊಟದ ಮೇಜಿನ ಕೆಳಗಿನಷ್ಟಕ್ಕೆ ಇಳಿಸಿತು.

ಬ್ರಿಟನ್ನಿನಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. 1,800ಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ಕೇಳಿ, 2020ರ ಫೆಬ್ರವರಿಯ ಸ್ಥಿತಿಯನ್ನೂ ಅದೇ ವರ್ಷದ ಅಕ್ಟೋಬರ್‌ನ ಸ್ಥಿತಿಯನ್ನೂ ಹೋಲಿಸಿದರು. ಒಬ್ಬಂಟಿಯಾಗಿ ಬಿಟ್ಟಾಗ ಒದ್ದಾಡುವ ನಾಯಿಗಳ ಪ್ರಮಾಣ ಸುಮಾರು ಶೇ. 22ರಿಂದ ಶೇ. 17ಕ್ಕೆ ಇಳಿದಿತ್ತು. ಸಂತೋಷದ ಸುದ್ದಿಯಂತೆ ಕಾಣುತ್ತದೆ. ಆದರೆ ಬಿಟ್ಟು ಹೋಗುವುದೇ ಕಡಿಮೆಯಾಗಿದ್ದರಿಂದ ಒದ್ದಾಟವೂ ಕಡಿಮೆಯಾಗಿತ್ತು; 2021ರಲ್ಲಿ ನಮ್ಮಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯದೆ ಮಕ್ಕಳೆಲ್ಲ ಪಾಸಾದ ಹಾಗೆ. ಒಳಗೆ ಇನ್ನೊಂದು ಅಂಕಿ ಇತ್ತು. ಮೊದಲು ಯಾವ ತೊಂದರೆಯೂ ಇಲ್ಲದಿದ್ದ ನಾಯಿಗಳಲ್ಲಿ ಹತ್ತಕ್ಕೆ ಒಂದರಂತೆ ಹೊಸದಾಗಿ ತೊಂದರೆ ಕಾಣಿಸಿಕೊಂಡಿತ್ತು. ಯಾವ ನಾಯಿಗಳು ಒಂಟಿಯಾಗಿರುವ ಹೊತ್ತು ಲಾಕ್‌ಡೌನಿನಲ್ಲಿ ತೀರಾ ಇಳಿದಿತ್ತೋ, ಅವಕ್ಕೇ ಅಪಾಯ ಹೆಚ್ಚು. ಬಿಡದೆ ಜೊತೆಗಿರುವುದೇ ದಯೆ ಎಂದು ನಂಬಿದವರು ಈ ಸಾಲನ್ನು ಎರಡು ಸಲ ಓದಬೇಕು. ನಾನು ಹೆಚ್ಚೇ ಸಲ ಓದಿದೆ.

ಒಂದು ವ್ಯತ್ಯಾಸವನ್ನು ಆ ಅಂಕಿಗಳಾಚೆ ನಾವೇ ಗಮನಿಸಬೇಕು. ಲಾಕ್‌ಡೌನಿಗೆ ಮುಂಚೆ ಒಂಟಿಯಾಗಿರಲು ಬಲ್ಲ ನಾಯಿ ಆ ವಿದ್ಯೆಯನ್ನು ಮರೆತಿದೆ. ನೆನಪಿಸಿದರೆ ಬೇಗ ಬರುತ್ತದೆ, ಬಿಟ್ಟ ಸೈಕಲ್ಲಿನಂತೆ. ಚುಕ್ಕಿಯಂಥವಕ್ಕೆ ಆ ವಿದ್ಯೆ ಬಂದೇ ಇರಲಿಲ್ಲ. ಆಫೀಸಿಗೆ ಹೊರಟ ಬಹಳ ಜನ ಈ ಎರಡನ್ನೂ ಒಂದೇ ಎಂದುಕೊಂಡು, "ಒಂದು ವಾರ ಕೂಗಲಿ, ಆಮೇಲೆ ಅಭ್ಯಾಸ ಆಗುತ್ತೆ" ಎಂದರು. ಕೂಗಿ ಕೂಗಿ ಸುಮ್ಮನಾದ ನಾಯಿ ಅಭ್ಯಾಸವಾಗಿ ಸುಮ್ಮನಾಯಿತೋ ಸೋತು ಸುಮ್ಮನಾಯಿತೋ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಬೊಗಳಿದರೆ ಶಾಕ್ ಹೊಡೆಯುವ ಕೊರಳಪಟ್ಟಿಯ ಬಗ್ಗೆ ನನ್ನ ತಕರಾರೂ ಇದೇ. ಅದು ಸದ್ದನ್ನಷ್ಟೇ ನಿಲ್ಲಿಸುತ್ತದೆ. ಎದುರು ಮನೆಯವರಿಗೆ ನಿದ್ದೆ ಸಿಗಬಹುದು, ಆದರೆ ನಾಯಿಗೆ ಮೊದಲಿದ್ದ ಭಯದ ಜೊತೆ ಇನ್ನೊಂದು ಸೇರಿಕೊಂಡಿರುತ್ತದೆ.

ಹಾಗಾದರೆ ಕಲಿಸುವುದು ಹೇಗೆ? ಮೂಲ ತತ್ತ್ವ ಹಳೆಯದು, ಅದು ಹುಟ್ಟಿದ್ದೂ ನಾಯಿಗಾಗಿ ಅಲ್ಲ. ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ ಬೆಕ್ಕುಗಳ ಮೇಲೆ ಪ್ರಯೋಗ ಮಾಡುತ್ತ ಕಂಡುಕೊಂಡು, 1958ರ ತನ್ನ ಪುಸ್ತಕದಲ್ಲಿ ಮನುಷ್ಯರ ಭಯಕ್ಕೆ ಅನ್ವಯಿಸಿದ್ದು. ಭಯ ಹುಟ್ಟಿಸುವ ವಸ್ತುವನ್ನು ಭಯ ಹುಟ್ಟದಷ್ಟು ಚಿಕ್ಕ ಪ್ರಮಾಣದಲ್ಲಿ ತೋರಿಸು, ಅದು ಮಾಮೂಲಾದ ಮೇಲೆ ಚೂರೇ ಚೂರು ಹೆಚ್ಚಿಸು. ವಿಷವನ್ನು ಸಾಸಿವೆಯಷ್ಟು ಕೊಟ್ಟು ಅರಗಿಸುವ ಹಾಗೆ. ನಾಯಿಯ ಲೆಕ್ಕದಲ್ಲಿ ಆ ವಸ್ತು ನಮ್ಮ ಗೈರುಹಾಜರಿ, ಅಳತೆ ಸೆಕೆಂಡು.

ನಮ್ಮ ಮನೆಯಲ್ಲಿ ಅದು ಬಾಗಿಲಿಂದಲೂ ಶುರುವಾಗಲಿಲ್ಲ, ಐಡಿ ಕಾರ್ಡಿನಿಂದ ಶುರುವಾಯಿತು. ನಾಯಿ ನಾವು ಹೊರಡುವುದನ್ನು ಬಾಗಿಲಲ್ಲಿ ನೋಡುವುದಿಲ್ಲ. ಅರ್ಧ ಗಂಟೆ ಮುಂಚೆ, ಇಸ್ತ್ರಿ ಮಾಡಿದ ಕುರ್ತಾದಲ್ಲಿ, ಡಬ್ಬಿಗೆ ಚಿತ್ರಾನ್ನ ತುಂಬುವ ಸದ್ದಿನಲ್ಲಿ, ಬೀಗದ ಕೈ ಗೊಂಚಲಿನ ಕಿಣಿಕಿಣಿಯಲ್ಲಿ ಓದಿರುತ್ತದೆ. ಪಟ್ಟಿ ಕೊರಳಿಗೆ ಹಾಕಿಕೊಂಡು ಹುಳಿಗೆ ಬೇಳೆ ಬೇಯಿಸಿದೆ. ಕೀಲಿ ಗೊಂಚಲು ಕೈಯಲ್ಲಿ ಹಿಡಿದು ಪೇಪರ್ ಓದಿದೆ. ಹೆಲ್ಮೆಟ್ ಹಾಕಿಕೊಂಡು ಸೋಫಾ ಮೇಲೆ ಕೂತು ಒಂದು ಧಾರಾವಾಹಿ ಪೂರ್ತಿ ನೋಡಿದ್ದೂ ಉಂಟು, ಕೆಲಸಕ್ಕೆ ಬರುವಾಕೆ ಬಾಗಿಲಲ್ಲೇ ನಿಂತು, "ಅಕ್ಕಾ, ಹುಷಾರಾಗಿದ್ದೀರಾ?" ಎಂದಳು. ಹತ್ತು ದಿನಕ್ಕೆ ಪಟ್ಟಿ ಕಂಡರೂ ಚುಕ್ಕಿ ಏಳದಾದಳು. ಆಮೇಲೆ ಬಾಗಿಲು. ತೆರೆದು ಮುಚ್ಚುವುದು, ಹೊರಗೆ ಕಾಲಿಟ್ಟು ಒಳಬರುವುದು. ಐದು ಸೆಕೆಂಡು, ಹತ್ತು, ಮತ್ತೆ ಐದು, ಇಪ್ಪತ್ತು, ಎಂಟು.

ಅಂಕಿ ಏರಿಳಿಯುತ್ತಿದ್ದುದು ಬೇಕೆಂದೇ. ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚೇ ಆದರೆ, ಕಲಿಕೆ ಪ್ರತಿ ಸಲವೂ ಕಷ್ಟವೇ ಎಂದು ನಾಯಿ ಲೆಕ್ಕ ಹಾಕುತ್ತದೆ. ಮೊಬೈಲಿನ ಪರದೆಯಲ್ಲಿ ಅವಳ ಕಿವಿ, ಬಾಯಿ, ಉಸಿರು ನೋಡುತ್ತ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ತುಟಿ ನೆಕ್ಕಿಕೊಂಡರೆ, ಮತ್ತೆ ಮತ್ತೆ ಆಕಳಿಸಿದರೆ ಗಡಿ ಹತ್ತಿರ ಬಂತೆಂದು ಅರ್ಥ. ಕೂಗುವ ಮುಂಚೆಯೇ ಒಳಗೆ ಹೋಗಬೇಕು. ಮೂರನೇ ವಾರದ ಕೊನೆಗೆ ನಮ್ಮ ದಾಖಲೆ ನಾಲ್ಕು ನಿಮಿಷ. ಕಂಪನಿ ಕೇಳುತ್ತಿದ್ದುದು ಒಂಬತ್ತು ಗಂಟೆ.

ಈ ಅಂತರದ ಬಗ್ಗೆ ಸಲಹೆ ಕೊಡುವವರು ಮಾತಾಡುವುದಿಲ್ಲ. ಕಲಿಕೆ ನಡೆಯುವಷ್ಟು ದಿನ ನಾಯಿಯನ್ನು ಅದರ ಗಡಿ ಮೀರಿ ಒಂಟಿಯಾಗಿ ಬಿಡುವಂತಿಲ್ಲ. ಬಿಟ್ಟರೆ ಸಂಜೆ ಕಟ್ಟಿದ ಗೋಡೆ ಬೆಳಗ್ಗೆ ಕುಸಿಯುತ್ತದೆ. ಅಂದರೆ ತಿಂಗಳುಗಟ್ಟಲೆ, ನಾನು ಆಫೀಸಿನಲ್ಲಿರುವಷ್ಟು ಹೊತ್ತೂ, ಮನೆಯಲ್ಲಿ ಯಾರಾದರೂ ಇರಬೇಕು. ನಾಯಿಗಳ ಡೇ ಕೇರ್ ನಗರದಲ್ಲಿವೆ, ಆದರೆ ತಿಂಗಳಿಡೀ ಕಳಿಸುವುದು ನನ್ನ ಸಂಬಳಕ್ಕೆ ನಿಲುಕುವ ಮಾತಾಗಿರಲಿಲ್ಲ. ಕೊನೆಗೆ ನೆರವಾದದ್ದು ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರು. ಅವರಿಗೂ ಹಗಲು ಕಳೆಯಬೇಕಿತ್ತು. ಬೆಳಗ್ಗೆ ನಾನು ಹೊರಡುವ ಮುಂಚೆಯೇ ಪೇಪರು, ಕನ್ನಡಕ, ಫ್ಲಾಸ್ಕಿನ ಕಾಫಿ ಹಿಡಿದು ಕೆಳಗಿಳಿಯುತ್ತಿದ್ದರು. ಮಧ್ಯಾಹ್ನ ನಮ್ಮ ಮನೆಯ ಕೆಲಸದಾಕೆ ಬಂದು, ಮುಗಿಸಿದ ಮೇಲೂ ಒಂದೂವರೆ ಗಂಟೆ ಕೂತು ಹೋಗುತ್ತಿದ್ದಳು. ಆ ಹೊತ್ತಿಗೆ ಬೇರೆ ಸಂಬಳ. ವಾರಕ್ಕೆರಡು ದಿನ ಮನೆಯಿಂದಲೇ ದುಡಿಯಲು ಮ್ಯಾನೇಜರನ್ನು ಕೇಳಿಕೊಂಡೆ. ಕಾರಣ ನಾಯಿ ಎಂದು ಹೇಳಲಿಲ್ಲ, ಬೆನ್ನುನೋವು ಎಂದೆ. ನಗರದಲ್ಲಿ ಎಷ್ಟು ಬೆನ್ನುನೋವು ನಾಯಿಯದೋ, ಅತ್ತೆಯದೋ, ಜ್ವರ ಬಂದ ಮಗುವಿನದೋ!

ಬಂದ ಸಲಹೆಗಳಿಗೆ ಲೆಕ್ಕವಿಲ್ಲ. "ಇನ್ನೊಂದು ನಾಯಿ ತನ್ನಿ, ಜೊತೆ ಆಗುತ್ತೆ" ಎಂದರು. ಚುಕ್ಕಿಗೆ ಬೇಕಾದದ್ದು ನಾಯಿಯಲ್ಲ, ಮನುಷ್ಯರು. ಎರಡನೆಯದೂ ಇವಳನ್ನು ನೋಡಿ ಊಳಿಡಲು ಕಲಿತಿದ್ದರೆ? "ಪಂಜರದಲ್ಲಿ ಹಾಕಿ" ಎಂದರು. ಚಿಕ್ಕಂದಿನಿಂದ ಪಂಜರವನ್ನು ತನ್ನ ಗೂಡೆಂದುಕೊಂಡ ನಾಯಿಗೆ ಸರಿ. ಗಾಬರಿಗೊಂಡ ನಾಯಿ ಅದರ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ. ಟೀವಿ ಹಾಕಿಟ್ಟು ಹೋಗುವುದು, ಮೊಸರನ್ನವನ್ನು ರಬ್ಬರ್ ಆಟಿಕೆಯೊಳಗೆ ತುಂಬಿ ಫ್ರೀಜರಿನಲ್ಲಿಟ್ಟು ಕೊಡುವುದು ಬೇಸರದ ನಾಯಿಗೆ ಒಳ್ಳೆಯದು. ಬೇಸರವನ್ನೂ ಭಯವನ್ನೂ ಬೇರೆ ಮಾಡಿ ನೋಡುವುದು ಮುಖ್ಯ, ಅದಕ್ಕೇ ಆ ಕಪಾಟಿನ ಮೊಬೈಲು. ಬೇಸರದ ನಾಯಿ ಮೊದಲು ಒಂದು ನಿದ್ದೆ ತೆಗೆದು, ಆಮೇಲೆ ಸಾವಕಾಶವಾಗಿ ಚಪ್ಪಲಿ ಆರಿಸಿಕೊಂಡು, ಮಧ್ಯದ ಹಾಲಿನಲ್ಲಿ ಹಾಯಾಗಿ ಮಲಗಿ ಕಚ್ಚುತ್ತದೆ. ಭಯದ ನಾಯಿ ಮೊದಲ ಕಾಲು ಗಂಟೆಯೊಳಗೇ ಶುರುಮಾಡುತ್ತದೆ, ಅದರ ಹಲ್ಲು ಉಗುರು ಬೀಳುವುದು ಬಾಗಿಲು, ಕಿಟಕಿಗಳ ಮೇಲೆ. ಎಷ್ಟೇ ರುಚಿಯ ತುಂಡಿದ್ದರೂ ಮುಟ್ಟುವುದಿಲ್ಲ. ಇವೆರಡೂ ಅಲ್ಲದೆ, ವಯಸ್ಸಾದ ನಾಯಿ ಮನೆಯೊಳಗೆ ಉಚ್ಚೆ ಹೊಯ್ದರೆ ಮೂತ್ರಕೋಶದ ಸೋಂಕೂ ಇರಬಹುದು, ಮರೆವಿನ ಕಾಯಿಲೆಯೂ ಇರಬಹುದು. ಮೊದಲು ಡಾಕ್ಟರು, ಆಮೇಲೆ ತತ್ತ್ವಜ್ಞಾನ.

"ಹೊರಡುವಾಗ ಕಾಲು ಗಂಟೆ ನಾಯಿಯ ಕಡೆ ನೋಡಲೇಬೇಡಿ, ಬಂದ ಮೇಲೂ ಕಾಲು ಗಂಟೆ ಮಾತಾಡಿಸಬೇಡಿ" ಎಂಬುದು ಎಲ್ಲ ಕಡೆ ಕೇಳಿಬರುವ ನಿಯಮ. ನಾನದನ್ನು ಎರಡು ವಾರ ನಿಷ್ಠೆಯಿಂದ ಪಾಲಿಸಿ, ಮನಸ್ಸು ಕಲ್ಲಾದಂತೆನಿಸಿ ಬಿಟ್ಟೆ. ಇಟಲಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಚಿಕ್ಕ ಪ್ರಯೋಗವೊಂದು ಆಮೇಲೆ ಸಿಕ್ಕಿತು: ಹೊರಡುವ ಮುಂಚೆ ಸಮಾಧಾನವಾಗಿ ಮೈದಡವಿ ಹೋದರೆ ನಾಯಿಗಳು ಇನ್ನಷ್ಟು ಶಾಂತವಾಗಿದ್ದವು. ಹತ್ತೇ ನಾಯಿಗಳು, ಕೆಲವೇ ನಿಮಿಷದ ಅಗಲಿಕೆ, ಭಯದ ರೋಗವಿಲ್ಲದ ನಾಯಿಗಳು. ಇದನ್ನಿಟ್ಟುಕೊಂಡು ಹೊಸ ವೇದ ಬರೆಯಲಾಗದು. ಹಳೆಯ ವೇದವೂ ಗಟ್ಟಿಯಲ್ಲ ಎಂಬಷ್ಟಕ್ಕೆ ಸಾಕು. ನಮ್ಮಲ್ಲಿ ಹೊರಡುವವರು "ಹೋಗ್ತೀನಿ" ಎನ್ನುವುದಿಲ್ಲ, "ಹೋಗಿ ಬರ್ತೀನಿ" ಎನ್ನುತ್ತಾರೆ. ಅಳು, ಅಪ್ಪುಗೆ, ಕ್ಷಮೆ ಕೇಳುವುದು ಯಾವುದೂ ಇಲ್ಲದೆ ತಲೆ ಸವರಿ ಅಷ್ಟು ಹೇಳಿ ಹೊರಡುವುದು ನನಗೂ ಅವಳಿಗೂ ಹೊಂದಿತು.

ಔಷಧದ ಮಾತಿಗೆ ಜನ ಮುಖ ಸಿಂಡರಿಸುತ್ತಾರೆ. ನನ್ನ ಅಕ್ಕ ಫೋನಿನಲ್ಲಿ, "ನಾಯಿಗೆ ಖಿನ್ನತೆಯ ಮಾತ್ರೆಯಾ? ದುಡ್ಡು ಜಾಸ್ತಿ ಆದವರ ಆಟ ಕಣೇ ಇದು," ಎಂದಳು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ನಾಯಿಗಳ ಅಗಲಿಕೆಯ ಆತಂಕಕ್ಕೆಂದೇ 1998ರಲ್ಲಿ ಕ್ಲೋಮಿಪ್ರಮಿನ್‌ಗೂ 2007ರಲ್ಲಿ ಫ್ಲೂಕ್ಸೆಟಿನ್‌ಗೂ ಒಪ್ಪಿಗೆ ಕೊಟ್ಟಿದೆ, ಎರಡನ್ನೂ ತರಬೇತಿಯ ಜೊತೆಗೇ ಕೊಡಬೇಕೆಂಬ ಷರತ್ತಿನ ಮೇಲೆ. ಗಾಬರಿಯಿಂದ ನಡುಗುವ ಮಿದುಳು ಏನನ್ನೂ ಕಲಿಯಲಾರದು. ಮಾತ್ರೆ ಕಲಿಸುವುದಿಲ್ಲ, ಕಲಿಯುವ ಸ್ಥಿತಿಗೆ ತರುತ್ತದೆ. ಪರಿಣಾಮ ಕಾಣಲು ವಾರಗಳು ಬೇಕು. ನಮ್ಮ ಪಶುವೈದ್ಯರು ಚುಕ್ಕಿಗೆ ಕೊಟ್ಟರು, ಎಂಟು ತಿಂಗಳ ಮೇಲೆ ಅವರೇ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಮಾತ್ರೆಯನ್ನು ಅಂದಾಜಿಗೆ ಅರ್ಧ ಮುರಿದು ಹಾಕುವವರಿದ್ದಾರೆ. ಅದು ಕೊಲ್ಲಬಹುದು.

ಅಕ್ಕನ ಮಾತಿನ ಹಿಂದೆ ಇನ್ನೂ ದೊಡ್ಡ ಪ್ರಶ್ನೆ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ತನ್ನ ಐದು ವರ್ಷದ ಮಗಳನ್ನು ಅಂಗನವಾಡಿ ಬಿಟ್ಟ ಮೇಲೆ ಪಕ್ಕದ ಮನೆಯ ಮುದುಕಿಯ ಹತ್ತಿರ ಬಿಟ್ಟು ಬರುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ನನ್ನ ನಾಯಿಯ ಜೊತೆ ಕೂತಿರುತ್ತಿದ್ದಳು. ಇದು ನನಗೆ ತಟ್ಟಿದ್ದು ತಡವಾಗಿ, ಎರಡನೇ ತಿಂಗಳಲ್ಲಿ. ಮಗುವನ್ನೂ ಕರೆದುಕೊಂಡು ಬಾ ಎಂದೆ. ಕರೆದುಕೊಂಡು ಬಂದಳು, ಸೋಫಾದ ಒಂದು ತುದಿಯಲ್ಲಿ ಮಗು, ಇನ್ನೊಂದರಲ್ಲಿ ಚುಕ್ಕಿ. ಇಷ್ಟಕ್ಕೆ ಲೆಕ್ಕ ಚುಕ್ತಾ ಆಯಿತೆಂದು ನಾನು ಹೇಳುವುದಿಲ್ಲ. ಆದರೆ "ಮನುಷ್ಯರಿಗೇ ಇಲ್ಲ, ನಾಯಿಗೇಕೆ" ಎಂಬ ವಾದ ಮಗುವಿಗೂ ಏನನ್ನೂ ಕೊಡದೆ, ನಾಯಿಯಿಂದಲೂ ಕಿತ್ತುಕೊಂಡು ಮುಗಿಯುತ್ತದೆ. ಮೋರಿಯ ಕೊಳವೆಯಿಂದ ಎತ್ತಿ ಎಂಟನೇ ಮಹಡಿಗೆ ತಂದವಳು ನಾನು. ಬೀದಿಯಲ್ಲಿದ್ದರೆ ಅವಳಿಗೆ ಹಸಿವಿರುತ್ತಿತ್ತು, ತುರಿಯಿರುತ್ತಿತ್ತು, ಆದರೆ ತೆರೆಯದ ಬಾಗಿಲು ಇರುತ್ತಿರಲಿಲ್ಲ. ಆ ಬಾಗಿಲು ನನ್ನದು.

ಎದುರು ಮನೆಯವರ ಕಡೆಯಿಂದಲೂ ನೋಡಬೇಕು. ಅವರ ಮಗಳು ನರ್ಸು, ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಎಂಟಕ್ಕೆ ಬಂದು ಮಲಗುತ್ತಿದ್ದಳು. ಚುಕ್ಕಿಯ ಊಳು ಶುರುವಾಗುತ್ತಿದ್ದುದು ಒಂಬತ್ತಕ್ಕೆ. ಬೊಗಳುತ್ತದೆ ಎಂಬ ಕಾರಣಕ್ಕೆ ನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಸಾಕುವವರು ಅದರ ಪ್ರತಿಯನ್ನು ಬಾವುಟದಂತೆ ಹಿಡಿದು ಅಸೋಸಿಯೇಷನ್ ಮೀಟಿಂಗಿಗೆ ಹೋಗುವುದನ್ನು ಕಂಡಿದ್ದೇನೆ. ಕಾನೂನಿನಲ್ಲಿ ಗೆಲ್ಲಬಹುದು, ಆದರೆ ಆ ಹುಡುಗಿಗೆ ನಿದ್ದೆ ಬರಬೇಕಲ್ಲ. ನಾನು ಅವರ ಮನೆಗೆ ಹೋಗಿ ವಿಡಿಯೊ ತೋರಿಸಿದೆ. "ಮೂರು ತಿಂಗಳು ಬೇಕು" ಎಂದೆ. ಆ ತಾಯಿ ಪೂರ್ತಿ ನೋಡಿ, "ಅಯ್ಯೋ, ಇದು ನಮ್ ಪುಟ್ಟಿ ಎಲ್‌ಕೆಜಿಗೆ ಸೇರಿದಾಗ ಮಾಡ್ತಿದ್ದ ಹಾಗೇ ಇದೆ ಕಣ್ರೀ," ಎಂದರು. ಅವಳು ಶಾಲೆಯ ಗೇಟು ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದಳಂತೆ.

ಇನ್ನು ಎಷ್ಟು ಹೊತ್ತು ಬಿಡಬಹುದು ಎಂಬ ಪ್ರಶ್ನೆ. ಸ್ವೀಡನ್ನಿನಲ್ಲಿ ಹನ್ನೆರಡು ನಾಯಿಗಳನ್ನು ಅರ್ಧ ಗಂಟೆ, ಎರಡು ಗಂಟೆ, ನಾಲ್ಕು ಗಂಟೆ ಒಂಟಿಯಾಗಿ ಬಿಟ್ಟು ನೋಡಿದ್ದಾರೆ. ಅರ್ಧ ಗಂಟೆಗಿಂತ ಎರಡು ಗಂಟೆಯ ನಂತರ ಯಜಮಾನನನ್ನು ಕಂಡ ನಾಯಿಯ ಸಂಭ್ರಮ ಜೋರಾಗಿರುತ್ತಿತ್ತು. ಹೊತ್ತು ಹೋದದ್ದು ಅವಕ್ಕೆ ಹೇಗೋ ತಟ್ಟುತ್ತದೆ. ಅದೇ ದೇಶದಲ್ಲಿ ಹಗಲು ಹೊತ್ತು ಆರು ಗಂಟೆಗೊಮ್ಮೆಯಾದರೂ ನಾಯಿಯನ್ನು ಹೊರಗೆ ಕರೆದೊಯ್ಯಬೇಕೆಂಬ ನಿಯಮವಿದೆ. ನಮ್ಮ ಲೆಕ್ಕ ನೋಡಿ: ಆಫೀಸಿನ ಒಂಬತ್ತು ಗಂಟೆ, ಸಿಲ್ಕ್ ಬೋರ್ಡ್ ದಾಟಲು ಹೋಗುವಾಗ ಒಂದೂವರೆ, ಬರುವಾಗ ಮಳೆ ಬಂದರೆ ಎರಡು. ಹನ್ನೆರಡು ಗಂಟೆ ಉಚ್ಚೆ ಕಟ್ಟಿಕೊಂಡು ಕೂರುವುದನ್ನು ಯಾವ ತರಬೇತಿಯೂ ನ್ಯಾಯ ಮಾಡಲಾರದು. ತರಬೇತಿಯ ಪರ ಇಷ್ಟೆಲ್ಲ ವಾದಿಸಿದವಳು ನಾನೇ ಹೇಳುತ್ತಿದ್ದೇನೆ: ಮೂರು ನಾಲ್ಕು ಗಂಟೆಯ ಒಂಟಿತನವನ್ನು ನಾಯಿಗೆ ಕಲಿಸೋಣ, ಅದಕ್ಕಿಂತ ಹೆಚ್ಚಿನದಕ್ಕೆ ಜನ ಹುಡುಕೋಣ. ಜನ ಸಿಗದ ಮನೆಯವರು ನಾಯಿ ತರುವ ಮುಂಚೆ ಯೋಚಿಸಲಿ. 2020ರಲ್ಲಿ ಮನೆಯಲ್ಲೇ ಇದ್ದೇವಲ್ಲ ಎಂದು ಮರಿ ತಂದ ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಆಮೇಲೆ ಕೆಲವರು ಊರ ಹೊರಗೆ ಕಾರಿನಿಂದಿಳಿಸಿ ಬಂದರು.

ನನ್ನ ಪಾಲಿನ ರೋಗವೊಂದನ್ನೂ ಹೇಳಿಬಿಡುತ್ತೇನೆ. ಕ್ಯಾಮೆರಾ ಹಾಕಿಸಿದ ಮೇಲೆ ಆಫೀಸಿನಲ್ಲಿ ಮೀಟಿಂಗಿನ ಮಧ್ಯೆ ಮೇಜಿನ ಕೆಳಗೆ ಮೊಬೈಲ್ ಹಿಡಿದು ಚುಕ್ಕಿಯನ್ನು ನೋಡುವುದು ನನಗೆ ಚಟವಾಯಿತು. ಅವಳು ಮಲಗಿದ್ದರೂ ನೋಡುತ್ತಿದ್ದೆ. ಒಂದು ದಿನ ಮೇಷ್ಟ್ರು ಫೋನ್ ಮಾಡಿ, "ಅಮ್ಮಾ, ಆ ಡಬ್ಬಿಯಲ್ಲಿ ಕೆಂಪು ದೀಪ ಹೊತ್ತಿಕೊಂಡಾಗಲೆಲ್ಲ ಇದು ಎದ್ದು ಕೂರುತ್ತೆ. ನೀವು ನೋಡೋದು ಬಿಟ್ಟರೆ ಇದೂ ಮಲಗುತ್ತೆ, ನಾನೂ ಮಲಗ್ತೀನಿ," ಎಂದರು. ದೀಪ ಹೊತ್ತುವಾಗ ಕ್ಯಾಮೆರಾದಿಂದ ಬರುತ್ತಿದ್ದ ಸಣ್ಣ ಟಿಕ್ ಸದ್ದು ಅವಳಿಗೆ ನನ್ನ ಗುರುತಾಗಿತ್ತು.

ಆರನೇ ತಿಂಗಳಿಗೆ ಒಂದು ಗಂಟೆ. ವರ್ಷ ತುಂಬುವಾಗ ಮೂರು. ಈಗಿನ ವಿಡಿಯೊಗಳಲ್ಲಿ ನೋಡುವಂಥದ್ದೇನೂ ಇಲ್ಲ: ಬಾಗಿಲು ಮುಚ್ಚುತ್ತದೆ, ಅವಳು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾಳೆ, ಮೂರು ಸುತ್ತು ಸುತ್ತಿ, ಹತ್ತಬಾರದೆಂದು ಹೇಳಿಟ್ಟ ಸೋಫಾ ಹತ್ತಿ ಮಲಗುತ್ತಾಳೆ. ಮಧ್ಯೆ ಒಮ್ಮೆ ಎದ್ದು ನೀರು ಕುಡಿಯುತ್ತಾಳೆ. ದೀಪಾವಳಿಯ ವಾರ ಮಾತ್ರ ಲೆಕ್ಕಕ್ಕಿಲ್ಲ. ಪಟಾಕಿಯ ಭಯ ಒಂಟಿತನದ ಜೊತೆ ಸೇರಿಕೊಂಡರೆ ಎಲ್ಲ ಹಾಳು, ಆ ವಾರ ನಾನು ರಜೆ ಹಾಕುತ್ತೇನೆ.

ಹೋದ ದಸರೆಗೆ ಹನ್ನೊಂದು ದಿನ ಮನೆಯಲ್ಲೇ ಇದ್ದೆ. ಅಕ್ಕ, ಮಕ್ಕಳು, ಗೊಂಬೆ, ಚರ್ಪು, ಮನೆ ತುಂಬ ಜನ. ಸೋಮವಾರ ಬೆಳಗ್ಗೆ ಐಡಿ ಕಾರ್ಡಿನ ಪಟ್ಟಿಗೆ ಕೈ ಹಾಕಿದೆ. ಚುಕ್ಕಿ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು, ತುಟಿ ನೆಕ್ಕಿಕೊಂಡಳು. ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಹೋಗಿ ಕಾಫಿಗೆ ಹಾಲು ಕಾಯಿಸಿದೆ. ಆಮೇಲೆ ಹೊರಗೆ ಹೋಗಿ ಬಾಗಿಲು ಮುಚ್ಚಿ ಮೆಟ್ಟಿಲ ಮೇಲೆ ಕೂತೆ. ಮೇಷ್ಟ್ರು ಮೇಲಿಂದ ಬಗ್ಗಿ ನೋಡಿ, "ಎಷ್ಟಕ್ಕೆ ಬಂತು?" ಎಂದರು.

"ಮತ್ತೆ ಮೂವತ್ತು ಸೆಕೆಂಡಿಗೆ," ಎಂದೆ.

ಅವರು ಕೈಗಡಿಯಾರ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, ನನ್ನ ಪಕ್ಕದಲ್ಲಿ ಬಂದು ಕೂತರು.